ನದಿ ದಾಟದ ಲೈಸೆನ್ಸು

ನನ್ನ ನರ್ಸಿಂಗ್ ಲೈಸೆನ್ಸು ಈ ದೇಶದ ನಲವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ನಡೆಯುತ್ತದೆ. ನಾಳೆ ಬೆಳಿಗ್ಗೆ ಎದ್ದು ಫ್ಲೋರಿಡಾಕ್ಕೆ ಹೋದರೆ, ಒಂದು ನರಪಿಳ್ಳೆಯ ಪರಿಚಯವೂ ಇಲ್ಲದ ಊರಿನಲ್ಲಿ ಯಾರ ಕೈಗೆ ಬೇಕಾದರೂ ಸೂಜಿ ಚುಚ್ಚಬಹುದು. ಆದರೆ ನಮ್ಮ ಪಾರ್ಮಾದಿಂದ ಹತ್ತು ಮೈಲಿ ಹೋಗಿ, ಸ್ನೇಕ್ ನದಿಯ ಸೇತುವೆ ದಾಟಿ, ನಿಸ್ಸಾದಲ್ಲಿರುವ ಗೆಳತಿ ಟ್ವೈಲಾಳ ಮನೆಯಲ್ಲಿ ಅವಳ ತಾಯಿಯ ಬ್ಯಾಂಡೇಜು ಬಿಚ್ಚುವ ಹಾಗಿರಲಿಲ್ಲ. ಈಚೆ ದಡ ಐಡಾಹೋ, ಆಚೆ ದಡ ಆರಿಗನ್. ಒಬ್ಬರ ಲೈಸೆನ್ಸನ್ನು ಇನ್ನೊಬ್ಬರು ಒಪ್ಪುತ್ತೇವೆಂದು ಆ ನಲವತ್ತು ರಾಜ್ಯಗಳು ಮಾಡಿಕೊಂಡ ಒಪ್ಪಂದಕ್ಕೆ ಆರಿಗನ್ ಸೇರಿಲ್ಲ.

ಆರಿಗನ್ನಿನ ಲೈಸೆನ್ಸು ನನ್ನ ಹತ್ತಿರ ಇರಲೇ ಇಲ್ಲ ಎಂದೇನಲ್ಲ. ಇತ್ತು. ನಾಲ್ಕು ವರ್ಷದ ಹಿಂದೆ ಎರಡೆರಡು ಕಡೆ ಫೀಸು, ಎರಡೆರಡು ಕಡೆ ಫಾರಂ, ಯಾರಿಗೆ ಬೇಕು ಈ ಗೋಳು ಎಂದು ರೇಗಿ ಬಿಟ್ಟುಬಿಟ್ಟೆ. ನಲವತ್ತು ಕೈಯಲ್ಲಿರುವಾಗ ಒಂದು ಹೋದರೆ ಏನು ಗಂಟು ಹೋಗುತ್ತದೆ ಎಂದು ಜಂಬ ಬೇರೆ. ನನಗೆ ಕೋಪ ಬಂದಾಗ ಮಾಡಿದ ಕೆಲಸಗಳಲ್ಲಿ ಒಂದೂ ನೆಟ್ಟಗಾದದ್ದಿಲ್ಲ, ಇದೂ ಆಗಲಿಲ್ಲ.

ನನ್ನ ಹೆಸರು ಮೈತೆ ಗೊರೋಸ್ಪೆ. ಐವತ್ತೇಳು ವರ್ಷ. ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದವರನ್ನು ಅವರವರ ಮನೆಯಲ್ಲೇ ಕೊನೆಯವರೆಗೆ ನೋಡಿಕೊಳ್ಳುವ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಟ್ವೈಲಾಳ ತಾಯಿ, ಮಿಸೆಸ್ ಅರ್ಡಿತ್ ಕ್ಲಿಂಗ್‌ಮನ್, ಆ ಸೆಪ್ಟೆಂಬರಿನಲ್ಲಿ ನನ್ನ ಪಟ್ಟಿಗೆ ಬಂದರು. ಎಂಬತ್ತೊಂದು ವರ್ಷ. ಆಕೆ ಸ್ವತಃ ನರ್ಸ್; ಮೂವತ್ತು ವರ್ಷ ಆಸ್ಪತ್ರೆಯ ವಾರ್ಡೊಂದನ್ನು ಆಳಿದವರು. ನಾನು ಕೆಲಸ ಕಲಿತದ್ದು ಅವರ ಕೈಕೆಳಗೆ. ಕಲಿತೆ ಎನ್ನುವುದಕ್ಕಿಂತ ಬೈಸಿಕೊಂಡೆ ಎನ್ನುವುದೇ ಸರಿ. ನನಗೆ ಇಪ್ಪತ್ತಾರು ವರ್ಷವಿದ್ದಾಗ ಒಮ್ಮೆ ಲೈಸೆನ್ಸು ನವೀಕರಿಸುವುದನ್ನು ಮರೆತು ಎರಡು ದಿನ ದಾಟಿತ್ತು. ಅದು ಹೇಗೋ ಅವರ ಕಿವಿಗೆ ಬಿತ್ತು. ರೋಗಿಯೊಬ್ಬರಿಗೆ ಸೂಪು ಕುಡಿಸುತ್ತಿದ್ದ ನನ್ನ ಕೈಯಿಂದ ಚಮಚ ಕಿತ್ತುಕೊಂಡು, "ಇವತ್ತು ನೀನು ನರ್ಸ್ ಅಲ್ಲ, ನೋಡೋಕೆ ಬಂದ ನೆಂಟರವಳು. ನೋಡಿದ್ದಾಯ್ತಲ್ಲ, ಮನೆಗೆ ಹೋಗು" ಎಂದು ವಾರ್ಡಿನ ಎಲ್ಲರೆದುರು ಹೇಳಿ ಕಳಿಸಿದರು. ಆ ದಿನ ಕಾರಿನಲ್ಲಿ ಕೂತು ಅತ್ತಿದ್ದೆ. ಆಮೇಲೆ ಎಂದೂ ತಾರೀಖು ಮರೆತಿಲ್ಲ.

ಅವರಿಗೆ ಶ್ವಾಸಕೋಶದ ಕ್ಯಾನ್ಸರು. ಎದೆಯೊಳಗೆ ನೀರು ತುಂಬಿಕೊಳ್ಳುತ್ತಿತ್ತು. ಪಕ್ಕೆಲುಬುಗಳ ನಡುವೆ ಆಸ್ಪತ್ರೆಯವರು ಸಣ್ಣದೊಂದು ನಳಿಗೆ ಕೂರಿಸಿದ್ದರು. ವಾರಕ್ಕೆ ಮೂರು ಸಲ ಅದಕ್ಕೆ ಬಾಟಲಿ ಸೇರಿಸಿ ನೀರು ಇಳಿಸಬೇಕು. ಇಳಿಸಿದರೆ ಒಂದೆರಡು ದಿನ ಸುಖವಾಗಿ ಉಸಿರಾಡುತ್ತಾರೆ. ಇಳಿಸದಿದ್ದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ, ತುಟಿ ನೀಲಿಗಟ್ಟುತ್ತದೆ. ಪಾರ್ಮಾದ ಅವರ ಮನೆಗೆ ನಾನು ಸೋಮವಾರ, ಬುಧವಾರ, ಶುಕ್ರವಾರ ಹೋಗುತ್ತಿದ್ದೆ. ಎಲ್ಲ ನೆಟ್ಟಗೆ ನಡೆದಿತ್ತು. ಆಮೇಲೆ ಅವರು ಬಚ್ಚಲಲ್ಲಿ ಜಾರಿಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಅವರನ್ನು ಒಂಟಿಯಾಗಿ ಬಿಡಲು ಮಗಳು ಒಪ್ಪಲಿಲ್ಲ. ಶನಿವಾರ ಬಂದು ತಾಯಿಯನ್ನು ನಿಸ್ಸಾದ ತನ್ನ ಮನೆಗೆ ಕರೆದುಕೊಂಡು ಹೋದಳು.

ಸೋಮವಾರ ನಮ್ಮ ಮೇಲಧಿಕಾರಿ ಗ್ರೆಟ್ಚೆನ್ ನನ್ನನ್ನು ಕರೆದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಒಳ್ಳೆಯವಳೇ.

"ಮೈತೆ, ಮಿಸೆಸ್ ಕ್ಲಿಂಗ್‌ಮನ್ ಹೆಸರು ನಿಮ್ಮ ಪಟ್ಟಿಯಿಂದ ತೆಗೀತಿದ್ದೀನಿ."

"ಯಾಕೆ? ನಮ್ಮ ಸಂಸ್ಥೆ ಎರಡೂ ಕಡೆ ಇದೆಯಲ್ಲ?"

"ಸಂಸ್ಥೆ ಇದೆ. ನೀವಿಲ್ಲ. ರೋಗಿ ಎಲ್ಲಿರ್ತಾರೋ ಅಲ್ಲಿನ ಲೈಸೆನ್ಸ್ ಬೇಕು ಅಂತ ನಿಮಗೆ ನಾನು ಹೇಳ್ಬೇಕಾ? ಆ ಕಡೆಗೆ ನಮ್ಮಲ್ಲಿರೋದು ಒಬ್ಬಳೇ ನರ್ಸ್. ಸೋಮವಾರ ಅವಳು ಹೋಗ್ತಾಳೆ."

"ಬುಧವಾರ? ಶುಕ್ರವಾರ?"

ಗ್ರೆಟ್ಚೆನ್ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದಳು. ಆ ಒಬ್ಬಳು ನರ್ಸಿಗೆ ಇಡೀ ಜಿಲ್ಲೆ. ಒಂದು ಮನೆಯಿಂದ ಇನ್ನೊಂದಕ್ಕೆ ನೂರು ಮೈಲಿ. ಮನೆಯವರು ಬೇಕಾದರೆ ನಳಿಗೆಯ ಕೆಲಸ ಕಲಿತು ಮಾಡಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಟ್ವೈಲಾ ಕಲಿಯಲು ಹೋಗಿ, ಬಾಟಲಿಯಲ್ಲಿ ಕೆಂಪಗೆ ನೀರು ಇಳಿದದ್ದು ಕಂಡು ಮೂರ್ಛೆ ಹೋಗಿ, ಮೇಜಿನ ಅಂಚಿಗೆ ಹಣೆ ಬಡಿದುಕೊಂಡಿದ್ದಳು. ಆಲೂಗಡ್ಡೆ ಕಾರ್ಖಾನೆಯಲ್ಲಿ ಕತ್ತಿ ತಿರುಗುವ ಯಂತ್ರದ ಮುಂದೆ ಇಪ್ಪತ್ತು ವರ್ಷ ನಿಂತ ಗಟ್ಟಿಗಿತ್ತಿ ಅವಳು. ತಾಯಿಯ ಎದೆಯಿಂದ ಇಳಿಯುವ ನೀರು ನೋಡುವ ಗಟ್ಟಿತನ ಬೇರೆ.

ನಾನು ಅವತ್ತೇ ಕೂತು ಆರಿಗನ್ನಿಗೆ ಅರ್ಜಿ ಹಾಕಿದೆ. ಬಿಟ್ಟುಹೋಗಿ ವರ್ಷಗಳಾದ್ದರಿಂದ ಎಲ್ಲವೂ ಮೊದಲಿನಿಂದ: ಓದಿದ ದಾಖಲೆ, ಕೆಲಸ ಮಾಡಿದ ಗಂಟೆಗಳು, ನನ್ನ ಮೇಲೆ ದೂರೇನೂ ಇಲ್ಲವೆಂದು ಐಡಾಹೋದಿಂದ ಒಂದು ಪತ್ರ, ಕೊನೆಗೆ ಬೆರಳಚ್ಚು. ಅಪರಾಧಿಗಳ ಪಟ್ಟಿಯಲ್ಲಿ ನನ್ನ ಬೆರಳಿದೆಯೇ ಎಂದು ನೋಡುತ್ತಾರೆ. ಮಂಗಳವಾರ ಬೆಳಿಗ್ಗೆ ಷೆರಿಫ್‌ನ ಪೊಲೀಸ್ ಕಚೇರಿಗೆ ಹೋಗಿ ಹತ್ತೂ ಬೆರಳುಗಳನ್ನು ಯಂತ್ರದ ಗಾಜಿನ ಮೇಲೆ ಒತ್ತಿಸಿಕೊಂಡು ಬಂದೆ. ಒತ್ತಿಸಿದವಳು ಲೂಪೆ ಅರ್ರೆಡೊಂಡೊ. ದಪ್ಪ ಕನ್ನಡಕ, ಯಾವುದಕ್ಕೂ ಅವಸರವಿಲ್ಲ. ಅವಳು ಪರದೆ ನೋಡಿ ಒಂದು ಸಲ ನಿಟ್ಟುಸಿರು ಬಿಟ್ಟಳು. ಅದನ್ನು ನಾನು ಗಮನಿಸಬೇಕಿತ್ತು.

ಬುಧವಾರ ಕೆಲಸ ಮುಗಿಸಿ, ಕುರಿಮಾಂಸದ ಸಾರಿನ ಪಾತ್ರೆ ಹಿಡಿದುಕೊಂಡು ಟ್ವೈಲಾಳ ಮನೆಗೆ ಹೋದೆ. ಸ್ನೇಹಿತೆಯಾಗಿ ಹೋಗಲು ಯಾರ ಅಪ್ಪಣೆಯೂ ಬೇಡವಲ್ಲ. ಮಿಸೆಸ್ ಕ್ಲಿಂಗ್‌ಮನ್ ಮೂರು ದಿಂಬಿಗೆ ಒರಗಿ ಕೂತಿದ್ದರು. ಸೋಮವಾರ ಇಳಿಸಿದ ನೀರು ಆಗಲೇ ಮತ್ತೆ ತುಂಬಿತ್ತು. ಒಂದೊಂದು ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಬಾಟಲಿಗಳ ಪೆಟ್ಟಿಗೆ ಮಂಚದ ಪಕ್ಕದಲ್ಲೇ ಇತ್ತು, ಕೈಗೆ ಎಟುಕುವಷ್ಟು ಹತ್ತಿರ. ಹದಿನೈದು ನಿಮಿಷದ ಕೆಲಸ. ನನ್ನ ಕೈ ತಾನಾಗಿಯೇ ಅತ್ತ ಹೋಯಿತು.

"ಕೈ ಹಿಂದಕ್ಕೆ."

"ಮಿಸೆಸ್ ಕ್ಲಿಂಗ್‌ಮನ್, ಇಲ್ಲಿ ಯಾರಿದ್ದಾರೆ ನೋಡೋಕೆ?"

"ನಾನಿದ್ದೀನಿ." ಉಸಿರು ತೆಗೆದುಕೊಂಡರು. "ದಿಂಬು ಎತ್ತು, ಅದಕ್ಕೆ ಲೈಸೆನ್ಸ್ ಬೇಡ. ನಳಿಗೆ ಮುಟ್ಟಿದ್ಯೋ, ನಾನೇ ಫೋನ್ ಮಾಡಿ ದೂರು ಕೊಡ್ತೀನಿ."

"ಕೊಡಿ. ನೀವು ಉಸಿರುಕಟ್ಟಿ ಒದ್ದಾಡೋದನ್ನ ನೋಡ್ಕೊಂಡು ಕೂರೋಕಾಗಲ್ಲ ನನಗೆ."

"ಕೂರು. ನನ್ನಿಂದ ನಿನಗಿರೋ ಐಡಾಹೋ ಲೈಸೆನ್ಸೂ ಹೋದ್ರೆ, ನಿನ್ನ ಪಟ್ಟೀಲಿ ಇನ್ನೂ ಹನ್ನೊಂದು ಜನ ಇದ್ದಾರಲ್ಲ, ಅವರನ್ನ ಯಾರು ನೋಡ್ತಾರೆ? ನಿಮ್ಮಪ್ಪ ನೋಡ್ತಾನಾ?"

ನನಗೆ ಅಳು ಬಂತು, ಸಿಟ್ಟೂ ಬಂತು. ಟ್ವೈಲಾ ಬಾಗಿಲಲ್ಲಿ ನಿಂತು ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಿದ್ದಳು. ಆಮೇಲೆ ಮುದುಕಿ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಹುಡುಗಿ, ನಿನ್ನ ಲೈಸೆನ್ಸ್ ಎಲ್ಲಿವರೆಗೆ ನಡೆಯುತ್ತೆ?"

"ನದಿವರೆಗೆ."

"ನಾನು ನದಿ ದಾಟಿ ನಿನ್ನ ಕಡೆ ಇದ್ರೆ?"

"ಆಗ ನೀವು ಐಡಾಹೋದಲ್ಲಿ ಇದ್ದ ಹಾಗೆ. ಏನು ಬೇಕಾದ್ರೂ ಮಾಡ್ಬಹುದು."

"ಹಾಗಾದ್ರೆ ನೀನ್ಯಾಕೆ ಬರ್ಬೇಕು? ನಾನೇ ಬರ್ತೀನಿ. ಟ್ವೈಲಾ, ವ್ಯಾನಿನ ಹಿಂದಿನ ಸೀಟು ಬಿಚ್ಚು."

ಸೇತುವೆಯ ಐಡಾಹೋ ತುದಿಯಲ್ಲಿ, ರಸ್ತೆಯ ಬಲಕ್ಕೆ, ಬಾಗಿಲು ಹಾಕಿದ ಹಣ್ಣಿನ ಅಂಗಡಿಯೊಂದಿದೆ. ಮುಂದೆ ಜಲ್ಲಿ ಹಾಸಿದ ಅಂಗಳ. ಅವತ್ತು ಸಂಜೆ ಆರು ಗಂಟೆಗೆ ಟ್ವೈಲಾಳ ವ್ಯಾನು ನಿಧಾನವಾಗಿ ಸೇತುವೆ ದಾಟಿ ಅಲ್ಲಿ ಬಂದು ನಿಂತಿತು. ಒಳಗೆ ಹಾಸಿಗೆ, ಹಾಸಿಗೆಯ ಮೇಲೆ ನನ್ನ ಹಳೆಯ ಮೇಲ್ವಿಚಾರಕಿ. ಈರುಳ್ಳಿ ಕೀಳುವ ಕಾಲ. ತಿರುವಿನಲ್ಲಿ ಲಾರಿಗಳಿಂದ ಉದುರಿದ ಗಡ್ಡೆಗಳು ರಸ್ತೆಯುದ್ದಕ್ಕೂ ಬಿದ್ದಿದ್ದವು, ಗಾಳಿಯ ತುಂಬ ಅದರದೇ ವಾಸನೆ. ನಾನು ಕಾರಿನಿಂದ ನೀರಿನ ಕ್ಯಾನು, ಸೋಪು ಇಳಿಸಿದೆ. ಅವರು ಒಳಗಿಂದಲೇ ನೋಡುತ್ತಿದ್ದರು. ಬೆರಳ ಸಂದಿ, ಉಗುರು, ಮಣಿಕಟ್ಟು, ಎಲ್ಲ ಆಗುವವರೆಗೆ ಬಿಡಲಿಲ್ಲ. ಆಮೇಲೆ ಗ್ಲೌಸು, ಬಾಟಲಿ. ಅರ್ಧ ಲೀಟರಿಗಿಂತ ಹೆಚ್ಚು ಇಳಿಯಿತು. ಹೆಗಲು ಕುಣಿಯುವುದು ನಿಂತಿತು. ಅವರು ಒಂದು ದೀರ್ಘ ಉಸಿರೆಳೆದು, "ಐಡಾಹೋ ಗಾಳಿ ಪರವಾಗಿಲ್ಲ, ಈರುಳ್ಳಿ ನಾತ ಒಂದು ಬಿಟ್ರೆ" ಎಂದರು. ಟ್ವೈಲಾ ವ್ಯಾನಿನ ಆ ಕಡೆ ಮುಖ ಮಾಡಿಕೊಂಡು ನಗುತ್ತಲೂ ಅಳುತ್ತಲೂ ಇದ್ದಳು.

ಗ್ರೆಟ್ಚೆನ್‌ಗೆ ಹೇಳಿದಾಗ ಅವಳು ತಲೆಯ ಮೇಲೆ ಕೈ ಹೊತ್ತುಕೊಂಡಳು. ನಿಯಮದ ಪುಸ್ತಕ ತೆಗೆದು ಹುಡುಕಿದಳು, ವಕೀಲರಿಗೆ ಫೋನ್ ಮಾಡಿದಳು.

"ರೋಗಿ ಇರೋ ಜಾಗಕ್ಕೆ ಗೋಡೆ ಇರ್ಬೇಕು ಅಂತ ಎಲ್ಲೂ ಬರೆದಿಲ್ಲವಂತೆ" ಎಂದಳು ಕೊನೆಗೆ. "ಮಾಡಿ. ಆದ್ರೆ ಕಾಗದದಲ್ಲಿ ಎಲ್ಲಾ ಸರಿಯಾಗಿರ್ಬೇಕು. ಮತ್ತೆ ದಯವಿಟ್ಟು ಆ ಲೈಸೆನ್ಸ್ ಬೇಗ ತನ್ನಿ. ಈ ಹೆಂಗಸನ್ನ ಎಷ್ಟು ದಿನ ಹೀಗೆ ಹೊತ್ಕೊಂಡು ಓಡಾಡ್ತೀರಿ?"

ಅದೇ ನನಗೂ ಇದ್ದ ಚಿಂತೆ. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ವ್ಯಾನಿಗೆ, ಮತ್ತೆ ವಾಪಸ್ಸು. ಒಂದೊಂದು ಸಲ ಎತ್ತುವಾಗಲೂ ಅವರು ಹಲ್ಲು ಕಚ್ಚುತ್ತಿದ್ದರು. ಒಂದು ದಿನ ಎತ್ತಲಾಗದ ಸ್ಥಿತಿ ಬಂದೇ ಬರುತ್ತದೆ. ಅಷ್ಟರೊಳಗೆ ನನ್ನ ಲೈಸೆನ್ಸು ಬಂದರೆ ಅವರು ಮಗಳ ಮನೆಯ ಮಂಚದ ಮೇಲೆ ಸುಖವಾಗಿ ಉಸಿರಾಡುತ್ತ ಹೋಗುತ್ತಾರೆ. ಬರದಿದ್ದರೆ ಉಸಿರುಕಟ್ಟಿ ಹೋಗುತ್ತಾರೆ, ಇಲ್ಲವೇ ಬೇಡವೆಂದರೂ ಆಂಬುಲೆನ್ಸು ಬಂದು ಆಸ್ಪತ್ರೆಗೆ ಒಯ್ಯುತ್ತದೆ. ನಾನಂತೂ ತರಲೇಬೇಕು ಎಂದು ಪಟ್ಟು ಹಿಡಿದೆ.

ಎರಡನೆಯ ವಾರ ಪತ್ರ ಬಂತು. ಬೆರಳಚ್ಚು ತಿರಸ್ಕೃತ: ಗೆರೆಗಳು ಕಾಣಿಸುತ್ತಿಲ್ಲ.

ಹೋಗಿ ಲೂಪೆಯ ಮೇಜಿನ ಮೇಲೆ ಪತ್ರ ಬಡಿದೆ. ಅವಳು ನನ್ನ ಕೈ ಹಿಡಿದು, ದೀಪದ ಕೆಳಗೆ ಅತ್ತ ಇತ್ತ ತಿರುಗಿಸಿ ನೋಡಿದಳು.

"ನರ್ಸ್ ಅಲ್ವಾ? ದಿನಕ್ಕೆ ಎಷ್ಟು ಸಲ ಕೈ ತೊಳೀತೀರಿ?"

"ಯಾರು ಲೆಕ್ಕ ಇಟ್ಟಿದ್ದಾರೆ? ಮೂವತ್ತು, ನಲವತ್ತು."

"ಎಷ್ಟು ವರ್ಷದಿಂದ?"

"ಮೂವತ್ಮೂರು."

"ತೊಳೆದೂ ತೊಳೆದೂ ಬೆರಳೇ ಸವೆದುಹೋಗಿದೆ. ನಿಮ್ಮಂಥವರು, ಆಮೇಲೆ ಇಟ್ಟಿಗೆ ಕೆಲಸದವರು, ಇಬ್ಬರ ಕೈಲೂ ನನಗೆ ಸಾಕಾಗಿದೆ. ನೀವು ಕಳ್ಳತನ ಮಾಡಿದ್ರೆ ಯಾರಿಗೂ ಸಿಗಲ್ಲ ನೋಡಿ."

"ಹಾಗಾದ್ರೆ ಬ್ಯಾಂಕಿಗೆ ನುಗ್ಗೋದೇ ವಾಸಿ. ಈಗ ಏನು ಮಾಡ್ಲಿ?"

"ನಾಲ್ಕು ದಿನ ಸೋಪು ಮುಟ್ಬೇಡಿ, ಸ್ಪಿರಿಟ್ ಮುಟ್ಬೇಡಿ. ಮುಲಾಮು ಮೆತ್ಕೊಂಡು ಹತ್ತಿಯ ಗ್ಲೌಸ್ ಹಾಕ್ಕೊಂಡಿರಿ. ಗೆರೆ ಸ್ವಲ್ಪ ಏಳುತ್ತೆ. ಮಂಗಳವಾರ ಬೆಳಿಗ್ಗೆ ಬನ್ನಿ."

ಬೆರಳು ಬೆಳೆಸಿಕೊಳ್ಳಲು ರಜೆ ಬೇಕು ಎಂದು ಅರ್ಜಿ ಬರೆದ ಮೊದಲ ನರ್ಸ್ ನಾನೇ ಇರಬೇಕು. ಶುಕ್ರವಾರ ಸಂಜೆ ಅಂಗಳದಲ್ಲಿ ನೀರು ಇಳಿಸಿ ಮುಗಿಸಿದವಳು, ಮನೆಗೆ ಬಂದು ಕೈತುಂಬ ಮುಲಾಮು ಬಳಿದು ಬಿಳಿ ಗ್ಲೌಸು ತೊಟ್ಟು ಕೂತೆ. ಶನಿವಾರ, ಭಾನುವಾರ ಪಾತ್ರೆ ತೊಳೆಯಲಿಲ್ಲ. ತರಕಾರಿ ಹೆಚ್ಚಲಿಲ್ಲ. ಗ್ಲೌಸು ಹಾಕಿಕೊಂಡೇ ಚೊರೀಸೋ ಸಾಸೇಜು ತುರುಕಿದ ಬನ್ನು ತಿಂದೆ. ಗಳಿಗೆಗೊಮ್ಮೆ ಗ್ಲೌಸು ತೆಗೆದು ಕಿಟಕಿಯ ಬೆಳಕಿಗೆ ಬೆರಳು ಹಿಡಿದು ನೋಡುವುದು. ಭಾನುವಾರ ಸಂಜೆಗೆ ಹೆಬ್ಬೆಟ್ಟಿನ ಮೇಲೆ ನಿಜವಾಗಿಯೂ ಗೆರೆಗಳು ಕಂಡವು. ಮೊಮ್ಮಗುವಿಗೆ ಹಲ್ಲು ಬಂದಷ್ಟು ಸಂತೋಷಪಟ್ಟೆ.

ಸೋಮವಾರ ಮಧ್ಯಾಹ್ನ ಎರಡಕ್ಕೆ ಟ್ವೈಲಾ ಫೋನ್ ಮಾಡಿದಳು.

"ಈ ಕಡೆ ನರ್ಸ್ ಬಂದಿಲ್ಲ, ಮೈತೆ. ಬರ್ನ್ಸ್ ಊರಿನ ಹತ್ರ ಯಾರೋ ತೀರಿಕೊಳ್ಳೋ ಹಾಗಿದ್ದಾರಂತೆ, ಬಿಟ್ಟು ಬರೋಕಾಗಲ್ವಂತೆ. ಅಮ್ಮನ ತುಟಿ ನೀಲಿಯಾಗಿದೆ. ನಾನು ವ್ಯಾನಿಗೆ ಹಾಕ್ತಾ ಇದ್ದೀನಿ. ನೀನು ರಜೆ ಅಂತ ಗೊತ್ತು, ಆದ್ರೆ..."

"ಹೊರಡು. ನಾನು ಬರ್ತೀನಿ" ಎಂದೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಪೊಟ್ಟಣದ ಗ್ಲೌಸು ಶುದ್ಧವಾಗಿಯೇ ಇರುತ್ತದೆ. ಮುಲಾಮನ್ನು ಕಾಗದದಲ್ಲಿ ಒರೆಸಿ, ಮೇಲೆ ನೇರವಾಗಿ ಆ ಗ್ಲೌಸು ತೊಟ್ಟರೆ ಏನಾಗುತ್ತದೆ? ಒಂದೇ ಒಂದು ಸಲ. ಸಾವಿರ ಸಲ ತೊಳೆದ ಕೈ ಒಂದು ಸಲ ತೊಳೆಯದಿದ್ದರೆ ಆಕಾಶ ಬೀಳುವುದಿಲ್ಲ. ನಾಳೆ ಬೆಳಿಗ್ಗೆ ಲೂಪೆಯ ಯಂತ್ರದ ಮುಂದೆ ಗೆರೆಗಳು ಬೇಕು. ಅವು ಬೇಕಾಗಿರುವುದು ಇವರಿಗಾಗಿಯೇ. ಅಂಗಳ ತಲುಪುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು.

ವ್ಯಾನಿನ ಬಾಗಿಲು ತೆರೆದೆ. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಗ್ಲೌಸಿನ ಪೊಟ್ಟಣ ಹರಿದೆ.

"ಕೈ ತೊಳಿ."

"ಮಿಸೆಸ್ ಕ್ಲಿಂಗ್‌ಮನ್, ನಾಳೆ ಬೆಳಿಗ್ಗೆ ನನ್ನ ಬೆರಳಚ್ಚು ಇದೆ."

"ಗೊತ್ತು. ತೊಳಿ."

"ಅಮ್ಮಾ!" ಟ್ವೈಲಾ ಕೂಗಿದಳು. "ಮೂರು ದಿನದಿಂದ ಅವಳು ಪಾಪ ಒಂದು ಲೋಟ ತೊಳೆದಿಲ್ಲ. ಈಗ ಸೋಪು ಹಾಕಿದ್ರೆ ಎಲ್ಲಾ ಹಾಳು. ಅವಳಿಗೆ ಲೈಸೆನ್ಸ್ ಸಿಗಲ್ಲ ಅಮ್ಮಾ."

"ಕೈ ತೊಳೀದೆ ರೋಗೀನ ಮುಟ್ಟೋಳಿಗೆ..." ಉಸಿರು ಸಾಲಲಿಲ್ಲ. ಕಾದೆವು. "...ಲೈಸೆನ್ಸ್ ಯಾಕೆ?"

ನನಗೆ ಬಂದ ಸಿಟ್ಟು ಎಂಥದೆಂದರೆ, ಆ ಕ್ಷಣ ಎದುರಿಗಿದ್ದವರು ಸಾಯುತ್ತಿರುವವರು ಎನ್ನುವುದೂ ಮರೆತುಹೋಯಿತು. ಕ್ಯಾನು ತೆಗೆದೆ, ಸೋಪು ಹಚ್ಚಿದೆ, ಚರ್ಮ ಕಿತ್ತುಬರುವ ಹಾಗೆ ಉಜ್ಜಿದೆ. ಬೆರಳ ಸಂದಿ, ಉಗುರು, ಮಣಿಕಟ್ಟು. ತೊಳೆದ ಕೈ ಅವರ ಮುಖದ ಮುಂದೆ ಹಿಡಿದು, "ಸಾಕಾ? ಸಮಾಧಾನ ಆಯ್ತಾ?" ಎಂದೆ. ಅವರು ತಲೆಯಾಡಿಸಿದರು. ಸುಮಾರು ಮುಕ್ಕಾಲು ಲೀಟರು ನೀರು ಇಳಿಯಿತು. ಬಣ್ಣ ಮರಳಿ ಬಂತು. ನಾನು ಚೀಲ ಕಟ್ಟಿಕೊಂಡು ಇಳಿದೆ.

ಕಾರಿಗೆ ಬಂದು ಕೂತ ಮೇಲೆ ಸಿಟ್ಟು ಇಳಿಯಿತು. ಅವರು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಿತ್ತು. ತೆರೆದ ನಳಿಗೆ, ನಿತ್ರಾಣದ ಮೈ. ಅದರೊಳಗೆ ಒಂದು ಸೋಂಕು ಹೊಕ್ಕರೆ ನನ್ನ ಲೈಸೆನ್ಸು ಬಂದು ಯಾರ ತಲೆಗೆ ಸವರುವುದು? ಅವರಿಗಾಗಿಯೇ ಅವರಿಗೆ ಕೇಡು ಮಾಡಲು ಹೊರಟಿದ್ದೆ. ನಾಚಿಕೆಯಾಯಿತು.

ಮಂಗಳವಾರ ಲೂಪೆ ಒಂದೊಂದು ಬೆರಳನ್ನೂ ಐದೈದು ಸಲ ಒತ್ತಿಸಿದಳು. ಹೆಬ್ಬೆಟ್ಟು ಒಂದು ಪರವಾಗಿಲ್ಲ ಎಂದಳು. ಹಾಗೇ ಕಳಿಸಿದಳು. ಎಂಟು ದಿನದ ಮೇಲೆ ಅದೂ ತಿರಸ್ಕೃತವಾಗಿ ಬಂತು.

ಈ ಸಲ ನಾನು ಪತ್ರ ಬಡಿಯಲಿಲ್ಲ. ಅವಳ ಮೇಜಿನ ಮೇಲೆ ಇಟ್ಟು ಕುರ್ಚಿಯಲ್ಲಿ ಕುಸಿದೆ.

"ಮುಗೀತು ಲೂಪೆ. ಇನ್ನು ನನ್ನ ಕೈಲಿ ಆಗಲ್ಲ. ಅವರನ್ನ ಇನ್ನೊಂದು ವಾರ ಎತ್ತಬಹುದು, ಹೆಚ್ಚಂದ್ರೆ."

ಲೂಪೆ ಪತ್ರ ಓದಿ ಕನ್ನಡಕ ಮೇಲೆ ತಳ್ಳಿದಳು.

"ಯಾಕೆ ಅಳ್ತಿದ್ದೀರಿ? ಇದು ಎರಡನೇದಲ್ವಾ?"

"ಹೌದು. ಎರಡು ಸಲ ಫೇಲು."

"ಎರಡು ಸಲ ಫೇಲಾದ್ರೇ ತಾನೇ ದಾರಿ. ಎರಡು ಸಲ ಗೆರೆ ಸಿಗಲಿಲ್ಲ ಅಂದ್ರೆ ಬೆರಳು ಬಿಟ್ಟು ಹೆಸರಿನ ಮೇಲೆ ಹುಡುಕ್ತಾರೆ. ಮೊದಲನೇ ಸಲ ಆದ್ರೆ ನಾನು ಕೇಳೋ ಹಾಗಿಲ್ಲ. ಹೆಬ್ಬೆಟ್ಟು ಇನ್ನೊಂಚೂರು ಚೆನ್ನಾಗಿ ಬಂದು, 'ಅರ್ಧ ಸಿಕ್ಕಿದೆ, ಮತ್ತೆ ಒತ್ತಿ' ಅಂದಿದ್ರೆ ಇನ್ನೂ ಒಂದು ತಿಂಗಳು ಎಳೀತಿತ್ತು. ಏಳಿ, ಅರ್ಜಿ ಬರೆಯೋಣ."

ಆ ಮುದುಕಿಯ ಸೋಪೇ ನನ್ನನ್ನು ಕಾಪಾಡಿತ್ತು. ಮಧ್ಯಾಹ್ನ ಅಂಗಳದಲ್ಲಿ ಅವರಿಗೆ ಇದನ್ನು ಹೇಳಿದೆ. "ನಾನು ಹೇಳಿದ ಹಾಗೆ ಕೇಳಿ ಕೆಟ್ಟೋರನ್ನ ನಾನಿನ್ನೂ ನೋಡಿಲ್ಲ" ಎಂದರು. ಎಂಬತ್ತೊಂದು ವರ್ಷದ ಜಂಬ. ನಕ್ಕಿದ್ದಕ್ಕೆ ಕೆಮ್ಮು ಬಂದು ಎರಡು ನಿಮಿಷ ಒದ್ದಾಡಿದರು.

ಅದಾದ ಮೇಲಿನ ಶುಕ್ರವಾರ ಅವರನ್ನು ವ್ಯಾನಿಗೆ ಹಾಕಲು ಟ್ವೈಲಾಗೆ ಪಕ್ಕದ ಮನೆಯ ಇಬ್ಬರನ್ನು ಕರೆಯಬೇಕಾಯಿತು. ಬಂದು ನಿಂತ ಮೇಲೂ ಅವರು ಕಣ್ಣು ಬಿಡಲಿಲ್ಲ. ಮೈ ಮುಟ್ಟಿದರೆ ಸಾಕು, ಮುಖ ಹಿಂಡಿಹೋಗುತ್ತಿತ್ತು. ನೀರು ಇಳಿಸುವಾಗ ಬಾಯಲ್ಲಿ ಒಂದೇ ಮಾತು, ಅದೂ ನನಗೆ ಮಾತ್ರ ಕೇಳುವಷ್ಟು: "ಇನ್ನು ಬರೋಕಾಗಲ್ಲ ಕಣೇ."

"ಬರ್ಬೇಡಿ" ಎಂದೆ. "ಬುಧವಾರ ನಾನೇ ಬರ್ತೀನಿ."

ಯಾವ ಧೈರ್ಯದ ಮೇಲೆ ಹಾಗೆಂದೆನೋ ಗೊತ್ತಿಲ್ಲ. ಸೋಮವಾರಕ್ಕೆ ಆ ಕಡೆಯ ನರ್ಸು ಇದ್ದಳು. ಬುಧವಾರಕ್ಕೆ ನನ್ನ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಆರಿಗನ್ನಿನ ಕಚೇರಿಗೆ ಸೋಮವಾರ ಎರಡು ಸಲ, ಮಂಗಳವಾರ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಫೋನ್ ಎತ್ತಿದ ಹೆಂಗಸು ನನ್ನ ದನಿಯಿಂದಲೇ ಗುರುತು ಹಿಡಿದು, "ಮಿಸ್ ಗೊರೋಸ್ಪೆ, ನಿಮ್ಮ ಕಾಗದ ನನ್ನ ಮುಂದೇನೇ ಇದೆ. ನೀವು ಫೋನ್ ಇಟ್ರೆ ನಾನು ನೋಡ್ಬಹುದು" ಎಂದಳು. ಇಟ್ಟೆ.

ಲೈಸೆನ್ಸು ಈಗ ಕಾಗದದಲ್ಲಿ ಬರುವುದಿಲ್ಲ. ಕಚೇರಿಯ ಜಾಲತಾಣದಲ್ಲಿ ಹೆಸರಿನ ಮುಂದೆ 'ಚಾಲ್ತಿಯಲ್ಲಿದೆ' ಎಂದು ಮೂಡಿದರೆ ಮುಗಿಯಿತು. ಯಾರು ಬೇಕಾದರೂ ನೋಡಬಹುದು. ಬುಧವಾರ ಬೆಳಿಗ್ಗೆ ಏಳರಿಂದ ಸೇತುವೆಯ ಅಂಗಳದಲ್ಲಿ ಕಾರು ನಿಲ್ಲಿಸಿ, ಫೋನು ಹಿಡಿದು ಕೂತೆ. ಪುಟ ತೆರೆಯುವುದು, ಮುಚ್ಚುವುದು. ಎಂಟಾಯಿತು. ಎಂಟೂವರೆ ಆಯಿತು. ಲೈಸೆನ್ಸು ಬರದಿದ್ದರೂ ಇವತ್ತು ಆಚೆಗೆ ಹೋಗಿಯೇ ಸಿದ್ಧ, ಆದದ್ದಾಗಲಿ ಎಂದು ಒಳಗೊಳಗೇ ನಿರ್ಧರಿಸಿದ್ದೆ. ಎಂಟು ನಲವತ್ತಕ್ಕೆ ನನ್ನ ಹೆಸರು ಮೂಡಿತು. ಹೆಸರು, ಸಂಖ್ಯೆ, ಚಾಲ್ತಿಯಲ್ಲಿದೆ. ಎರಡು ಸಲ ಓದಿ ಗಾಡಿ ತಿರುಗಿಸಿದೆ.

ಟ್ವೈಲಾ ಬಾಗಿಲಲ್ಲೇ ಇದ್ದಳು. ಅವಳ ಕೈಯಲ್ಲೂ ಫೋನು.

"ಬೆಳಿಗ್ಗೆ ಆರರಿಂದ ಅಮ್ಮ ನನ್ನ ಪ್ರಾಣ ತಿಂದಿದ್ದಾಳೆ. 'ಬಂತಾ ನೋಡು, ಬಂತಾ ನೋಡು' ಅಂತ. ಈಗ ಬಂತು ಅಂದೆ. ಸಂಖ್ಯೆ ಓದು ಅಂದಳು. ಓದಿದೆ. ಆಮೇಲೆ ಸುಮ್ಮನಾದಳು."

ಒಳಗೆ ಹೋಗಿ ಕೈ ತೊಳೆದೆ, ಅವರು ಹೇಳುವ ಮೊದಲೇ. ಮಂಚದ ಮೇಲೆಯೇ, ಅವರನ್ನು ಒಂದಿಂಚೂ ಅಲ್ಲಾಡಿಸದೆ, ಬಾಟಲಿ ಸೇರಿಸಿದೆ. ನೀರು ಇಳಿಯಿತು. ಉಸಿರು ಹಗುರಾಯಿತು. ಡಾಕ್ಟರಿಗೆ ಫೋನ್ ಮಾಡಿ ಕೇಳಿ ನೋವಿನ ಔಷಧಿಯ ಪ್ರಮಾಣ ಹೆಚ್ಚಿಸಿದೆ. ಬ್ಯಾಂಡೇಜು ಬದಲಿಸಿದೆ, ತುಟಿಗೆ ತೇವ ಮಾಡಿದೆ. ನಾಲ್ಕು ವಾರದಿಂದ ಈ ಮನೆಯಲ್ಲಿ ಕೈಕಟ್ಟಿ ನಿಂತದ್ದೆಲ್ಲ ಒಂದೇ ಬೆಳಿಗ್ಗೆ ಮಾಡಿ ಮುಗಿಸುವ ಹುರುಪು ನನಗೆ. ಟ್ವೈಲಾ ಕಾಫಿ ಮಾಡಲು ಅಡುಗೆಮನೆಗೆ ಹೋದಳು. ಚೀಲ ಕಟ್ಟಿ ನಾನು ಎದ್ದೆ.

"ಬಾಗಿಲು ಮುಂದಕ್ಕೆ ಮಾಡು" ಎಂದರು ಮಿಸೆಸ್ ಕ್ಲಿಂಗ್‌ಮನ್.

ಮಾಡಿದೆ.

"ಈಗ ನೀನು ಇಲ್ಲಿ ನರ್ಸ್ ತಾನೇ?"

"ಹೌದು. ಸಂಖ್ಯೆ ಕೇಳಿದ್ರಲ್ಲ."

ಅವರು ನನ್ನ ತೋಳು ಹಿಡಿದರು. ಆ ಕೈಯಲ್ಲಿ ಬಲವೇ ಇರಲಿಲ್ಲ.

"ನನಗೆ ಭಯ ಆಗ್ತಿದೆ. ತುಂಬಾ ಭಯ. ರಾತ್ರಿ ಎಲ್ಲಾ ಕಣ್ಣು ಮುಚ್ಚೋಕೇ ಹೆದರ್ತೀನಿ. ಟ್ವೈಲಾಗೆ ಹೇಳೋ ಹಾಗಿಲ್ಲ. ನಿನಗೆ ಮೊದಲೇ ಹೇಳಿದ್ರೆ ನೀನು ತಡೀತಿರ್ಲಿಲ್ಲ, ಲೈಸೆನ್ಸ್ ಇಲ್ದೇನೇ ಬಂದುಬಿಡ್ತಿದ್ದೆ."

ಮೂವತ್ತು ವರ್ಷ ಅವರ ಎದುರು ನಾನು ಹೆದರಿ ನಡುಗಿದ್ದೆ. ಅವರೂ ಹೆದರಬಹುದು ಎಂದು ಒಂದು ದಿನವೂ ನನಗೆ ತೋಚಿರಲಿಲ್ಲ. ನಾನು ಇಷ್ಟು ದಿನ ಓಡಾಡಿದ್ದು ಆ ನಳಿಗೆಗಾಗಿ ಎಂದುಕೊಂಡಿದ್ದೆ. ಅವರು ಅಷ್ಟು ದಿನ ಕಾದದ್ದು ಇದಕ್ಕಾಗಿ.

ಚೀಲ ಕೆಳಗಿಟ್ಟೆ. ಮುಂದಿನ ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಏನಕ್ಕೆ ಭಯ, ಒಂದೊಂದಾಗಿ ಹೇಳಿ" ಎಂದೆ. ಅವರು ಹೇಳಿದರು. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಕೊನೆಗೆ ಅವರಿಗೆ ನಿದ್ದೆ ಬಂತು. ಬಾಯಿ ಸ್ವಲ್ಪ ತೆರೆದುಕೊಂಡು, ಗಾಢವಾದ ನಿದ್ದೆ.

ಆರಿಗನ್ನಿನ ನನ್ನ ಹೊಸ ಸಂಖ್ಯೆಯ ಕೆಳಗೆ ಮೊದಲ ವರದಿ ಬರೆದದ್ದು ಆ ಕುರ್ಚಿಯಲ್ಲೇ ಕೂತು. ನೀರು ಎಷ್ಟು ಇಳಿಯಿತು, ಔಷಧಿ ಎಷ್ಟು ಹೆಚ್ಚಿತು ಎಂದು ಬರೆದ ಮೇಲೆ, ಇನ್ನೊಂದು ಸಾಲು ಸೇರಿಸಿದೆ: ರೋಗಿ ತಮಗೆ ಭಯವಾಗುತ್ತಿದೆ ಎಂದರು, ನರ್ಸ್ ಒಂದು ಗಂಟೆ ಐವತ್ತು ನಿಮಿಷ ಜೊತೆಯಲ್ಲಿ ಕುಳಿತಿದ್ದರು.